ಮೊದಲು ನಿಲ್ಲಿಸಲು ಕಲಿತೆವು

ನನ್ನ ತಮ್ಮನ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಕಲೆ ಇದೆ. ಅಪ್ಪ ನಮ್ಮಿಬ್ಬರನ್ನೂ ಸೈಕಲ್ಲಿನಲ್ಲಿ ಅಜ್ಜಿಯ ಮನೆಗೆ ಕರೆದೊಯ್ಯುತ್ತಿದ್ದ ಕಾಲದ್ದು. ನಾನು ಬಾರಿಗೆ ಬಿಗಿದ ಪುಟ್ಟ ಸೀಟಿನಲ್ಲಿ, ತಮ್ಮ ಹಿಂದಿನ ಕ್ಯಾರಿಯರಿನ ಮೇಲೆ. ಒಂದು ಸಂಜೆ ಅವನಿಗೆ ತೂಕಡಿಕೆ ಬಂದು, ಜೋತಾಡುತ್ತಿದ್ದ ಕಾಲು ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಅಪ್ಪ ತಕ್ಷಣ ಬ್ರೇಕ್ ಹಿಡಿದರೂ ಅಷ್ಟರಲ್ಲಿ ಚರ್ಮ ಸುಲಿದುಹೋಗಿತ್ತು. ಹಾಗಾಗಿ ನನ್ನ ಮಗಳಿಗೆ ಸೈಕಲ್ ಸೀಟು ಹುಡುಕಲು ಹೊರಟಾಗ ನಾನು ಮೊದಲು ನೋಡಿದ್ದು ಮಗುವಿನ ಪಾದ ಎಲ್ಲಿರುತ್ತದೆ ಎಂಬುದನ್ನು.

ಮದುವೆಯಾದ ಮೇಲೆ ಸೈಕಲ್ ಮುಟ್ಟಿಯೇ ಇರಲಿಲ್ಲ. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳು ಬಂದಾಗ ಮತ್ತೆ ತುಳಿಯತೊಡಗಿದೆ, ಆ ರೂಢಿ ಬಿಡಲಿಲ್ಲ. ಮರುವರ್ಷ ಮಗಳು ಹುಟ್ಟಿದಳು. ಅವಳನ್ನೂ ಕರೆದೊಯ್ಯಬೇಕೆಂದು ಆಸೆಯಾಯಿತು. ಅತ್ತೆಯವರು, “ಕುತ್ತಿಗೆ ನಿಂತು ಎಷ್ಟೋ ತಿಂಗಳಾಯಿತಲ್ಲ, ಸ್ಕೂಟರಿನಲ್ಲಿ ಕೂರುತ್ತಾಳೆ, ಸೈಕಲ್ಲಿನಲ್ಲಿ ಏಕೆ ಬೇಡ?” ಎಂದು ಕೇಳಿದ್ದರು. ಕುತ್ತಿಗೆ ನಿಂತರೆ ಸಾಲದು. ತಲೆಯ ಮೇಲೆ ಹೆಲ್ಮೆಟ್ಟಿನ ಭಾರ ಕೂತಾಗಲೂ, ರಸ್ತೆಯ ಉಬ್ಬಿನಲ್ಲಿ ಸೈಕಲ್ ಕುಲುಕಿದಾಗಲೂ ಆ ಕುತ್ತಿಗೆ ನೇರ ನಿಲ್ಲಬೇಕು, ಮಗು ಒರಗಿಕೊಳ್ಳದೆ ತಾನಾಗಿ ಕೂರಬೇಕು. ಮಕ್ಕಳ ವೈದ್ಯರನ್ನು ಕೇಳಿ, ಅವಳಿಗೆ ಒಂದು ವರ್ಷ ಎರಡು ತಿಂಗಳು ತುಂಬುವವರೆಗೆ ಕಾದೆ.

ಕಾದ ಆ ದಿನಗಳಲ್ಲಿ ನಾನು ಅಭ್ಯಾಸ ಮಾಡಿದ್ದು ಅಕ್ಕಿಯ ಜೊತೆಗೆ. ಹಿಂದಿನ ಸೀಟನ್ನು ಬಿಗಿಸಿ, ಅದರಲ್ಲಿ ಹತ್ತು ಕಿಲೋ ಅಕ್ಕಿಯ ಚೀಲವನ್ನು ಪಟ್ಟಿಯಿಂದ ಕಟ್ಟಿ, ಬೆಳಗಿನ ಹೊತ್ತು ಮನೆಯ ಸುತ್ತಲಿನ ಅಡ್ಡರಸ್ತೆಗಳಲ್ಲಿ ಒಂದು ವಾರ ಓಡಾಡಿದೆ. ಹೊರಟ ಮೇಲೆ ಭಾರ ಅಷ್ಟಾಗಿ ತಿಳಿಯುವುದಿಲ್ಲ. ನಿಲ್ಲಿಸುವಾಗ ತಿಳಿಯುತ್ತದೆ. ಎತ್ತರದಲ್ಲಿ ಕೂತ ಹತ್ತು ಕಿಲೋ, ಸೈಕಲ್ ನಿಧಾನವಾಗುತ್ತಿದ್ದಂತೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಬ್ರೇಕ್ ಹಿಡಿದ ಮೇಲೂ ಮೊದಲಿಗಿಂತ ಹೆಚ್ಚು ದೂರ ಸಾಗುತ್ತದೆ. ಎರಡನೆಯ ದಿನವೇ ನನ್ನ ಸೀಟನ್ನು ತಗ್ಗಿಸಿದೆ, ನಿಂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು. ತುಳಿಯಲು ಇದು ಅಷ್ಟು ಹಿತವಲ್ಲ, ಆದರೆ ಮಗು ಹಿಂದೆ ಇರುವಾಗ ನನಗೆ ಬೇಕಾದದ್ದು ನೆಲ. ಬ್ರೇಕಿನ ರಬ್ಬರುಗಳನ್ನೂ ಆಗಲೇ ಬದಲಾಯಿಸಿದೆ.

ಇಷ್ಟೆಲ್ಲ ಮಾಡಿಯೂ ಒಂದು ತಪ್ಪು ಉಳಿದುಕೊಂಡಿತ್ತು. ನನ್ನ ಸೈಕಲ್ಲಿಗೆ ಇದ್ದದ್ದು ಒಂಟಿ ಕಾಲಿನ ಪಕ್ಕದ ಸ್ಟ್ಯಾಂಡು. ಮೂರನೆಯ ಸವಾರಿಯ ದಿನ ತರಕಾರಿ ಗಾಡಿಯ ಬಳಿ ನಿಲ್ಲಿಸಿ, ಮಗಳನ್ನು ಇಳಿಸದೆ, ಮೆಂತ್ಯ ಸೊಪ್ಪಿನ ಕಟ್ಟು ತೆಗೆದುಕೊಳ್ಳಲು ತಿರುಗಿದೆ. ಹಿಂದಿನ ರಾತ್ರಿ ಮಳೆ ಬಂದು ಮಣ್ಣು ಮೆತ್ತಗಾಗಿತ್ತು, ಸ್ಟ್ಯಾಂಡು ಇಳಿಯತೊಡಗಿತು. ಸೈಕಲ್ ವಾಲಿದ್ದನ್ನು ನನಗಿಂತ ಮೊದಲು ಕಂಡವರು ಗಾಡಿಯ ಅಮ್ಮ. ತಕ್ಕಡಿಯನ್ನು ಬಿಟ್ಟು ಎರಡೂ ಕೈಯಿಂದ ಸೀಟನ್ನು ಹಿಡಿದರು. “ಕೂಸನ್ನು ಮೊದಲು ಇಳಿಸಮ್ಮ, ಸೊಪ್ಪು ಎಲ್ಲಿಗೂ ಹೋಗುವುದಿಲ್ಲ” ಎಂದರು. ಅವರಿಗೆ ನಾನು ಇಂದಿಗೂ ಋಣಿ. ಅಂದೇ ಸೈಕಲ್ ಅಂಗಡಿಗೆ ಹೋಗಿ, ಹಾಲಿನವರ ಸೈಕಲ್ಲಿಗೆ ಇರುತ್ತದಲ್ಲ, ಅಂಥ ಎರಡು ಕಾಲಿನ ಗಟ್ಟಿ ಸ್ಟ್ಯಾಂಡು ಹಾಕಿಸಿದೆ. ಮಗುವನ್ನು ಕೊನೆಗೆ ಹತ್ತಿಸುವುದು, ಮೊದಲು ಇಳಿಸುವುದು ಎಂಬ ಕ್ರಮ ಅಂದಿನಿಂದ ತಪ್ಪಿಲ್ಲ. ಸ್ಟ್ಯಾಂಡು ಎಷ್ಟೇ ಗಟ್ಟಿಯಾಗಿದ್ದರೂ ಮಗು ಮೇಲಿರುವಷ್ಟು ಹೊತ್ತು ನನ್ನ ಒಂದು ಕೈ ಸೈಕಲ್ಲಿನ ಮೇಲಿರುತ್ತದೆ. ತರಕಾರಿ ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕುವುದನ್ನೂ ಬಿಟ್ಟೆ.

ಸೀಟಿನಲ್ಲಿ ಪಾದ ಇಡಲು ತಟ್ಟೆಗಳೂ ಅವಕ್ಕೆ ಕಟ್ಟುಪಟ್ಟಿಗಳೂ ಇದ್ದವು. ಆದರೂ ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ನೈಲಾನ್ ಬಲೆ ಕಟ್ಟಿಸಿದೆ. ಲೇಡೀಸ್ ಸೈಕಲ್ಲಿಗೆ ಬರುವ ಸೀರೆ ಸಿಕ್ಕದಂತೆ ತಡೆಯುವ ಜಾಲರಿ ಅರ್ಧ ಚಕ್ರಕ್ಕಷ್ಟೇ ಇತ್ತು. ದುಪಟ್ಟಾವನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ಹೆಲ್ಮೆಟ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಮಕ್ಕಳು ಅದನ್ನು ಟೋಪಿಯಂತೆ ಹಿಂದಕ್ಕೆ ಸರಿಸಿಕೊಂಡಿರುವುದನ್ನು ಕಾಣುತ್ತೇನೆ. ಹಣೆ ಬಯಲಾಗಿದ್ದರೆ ಅದು ಇದ್ದೂ ಪ್ರಯೋಜನವಿಲ್ಲ. ದರ್ಜಿಯ ಟೇಪಿನಿಂದ ಹುಬ್ಬಿನ ಮೇಲೆ ತಲೆಯ ಸುತ್ತಳತೆ ತೆಗೆದುಕೊಂಡು ಹೋಗಿ, ಆ ಅಳತೆಯದ್ದನ್ನೇ ಕೊಂಡೆವು. ಬೆಳೆಯುತ್ತಾಳೆ ಎಂದು ದೊಡ್ಡದನ್ನು ತರಲಿಲ್ಲ. ಹುಬ್ಬಿನಿಂದ ಎರಡು ಬೆರಳು ಮೇಲೆ ಅಂಚು, ಗಲ್ಲದ ಪಟ್ಟಿಯಡಿ ಒಂದು ಬೆರಳು ತೂರುವಷ್ಟು ಜಾಗ. ನೆತ್ತಿಯ ಮೇಲಿನ ಜುಟ್ಟು ಹೆಲ್ಮೆಟ್ಟನ್ನು ಎತ್ತಿಹಿಡಿಯುತ್ತದೆ ಎಂದು ತಿಳಿದ ಮೇಲೆ ಅತ್ತೆಯವರೇ ಸೈಕಲ್ಲಿನ ದಿನ ಕುತ್ತಿಗೆಯ ಬಳಿ ತಗ್ಗಿನಲ್ಲಿ ಎರಡು ಜಡೆ ಹಾಕತೊಡಗಿದರು. ಉದ್ಯಾನ ತಲುಪಿ ಮಕ್ಕಳು ಜಾರುಬಂಡೆಯತ್ತ ಓಡುವ ಮುನ್ನ ಮಾತ್ರ ಮರೆಯದೆ ಹೆಲ್ಮೆಟ್ ತೆಗೆಯಬೇಕು. ಏಣಿಯ ಸರಳುಗಳ ನಡುವೆ ಹೆಲ್ಮೆಟ್ ಸಿಕ್ಕಿಕೊಂಡರೆ ಗಲ್ಲದ ಪಟ್ಟಿ ಕುತ್ತಿಗೆಯನ್ನು ಬಿಗಿಯುತ್ತದೆ.

ಮಗ ಹುಟ್ಟಿದ ಮರುವರ್ಷ, 2022ರಲ್ಲಿ, ಬೈಕು ಮತ್ತು ಸ್ಕೂಟರುಗಳಲ್ಲಿ ಕೂರುವ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಮತ್ತು ಕಟ್ಟುಪಟ್ಟಿ ಬೇಕೆಂದು ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ನಾವು ಸೈಕಲ್ಲಿಗೆಂದು ತಂದ ಹೆಲ್ಮೆಟ್ಟನ್ನೇ ನನ್ನ ಪತಿ ಮಗನಿಗೆ ಸ್ಕೂಟರಿನಲ್ಲೂ ಹಾಕತೊಡಗಿದರು.

ಒಂದು ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ತುಳಿಯುವವಳಿಗೆ ಬೆವರು ಬಂದರೂ ಹಿಂದೆ ಸುಮ್ಮನೆ ಕೂತ ಮಗುವಿಗೆ ಚಳಿಯಾಗುತ್ತಿರುತ್ತದೆ. ಒಂದು ಡಿಸೆಂಬರ್ ಬೆಳಿಗ್ಗೆ ಮನೆಗೆ ಬಂದು ಮಗಳ ಕೈ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. “ಕಿವಿಗೆ ಗಾಳಿ ಹೊಗುತ್ತದೆ” ಎಂದು ಅತ್ತೆಯವರು ಹೇಳುತ್ತಿದ್ದ ಮಾತಿನ ಅರ್ಥ ಅಂದು ತಿಳಿಯಿತು. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕೈ ಮುಟ್ಟಿ ನೋಡುತ್ತೇನೆ. ಆ ನಿಲುಗಡೆಗಳಲ್ಲೇ ಅವಳು ಮಾತಾಡಲು ಕಲಿತಳು ಎನ್ನಬಹುದು. ಬಿದ್ದ ಗುಲ್‌ಮೊಹರ್ ಹೂ, ಗೇಟಿನ ಮೇಲಿನ ಬೆಕ್ಕು, ಇಸ್ತ್ರಿಯವರ ಕೆಂಡ, ಒಂದೊಂದಕ್ಕೂ ಒಂದೊಂದು ಪ್ರಶ್ನೆ. ನಿದ್ದೆ ಬಂದರಂತೂ ನಿಂತೇಬಿಡುತ್ತೇನೆ. ಹೆಲ್ಮೆಟ್ ತೊಟ್ಟ ತಲೆ ಎದೆಯ ಮೇಲೆ ವಾಲಿದಾಗ ಮುಂದಕ್ಕೆ ತುಳಿಯುವುದು ಸರಿಯಲ್ಲ. ಎತ್ತಿಕೊಂಡು ಸೈಕಲ್ಲನ್ನು ತಳ್ಳಿಕೊಂಡು ಬರುವುದು ಕಷ್ಟ, ಹಾಗಾಗಿ ಪತಿಗೆ ಫೋನ್ ಮಾಡುತ್ತೇನೆ.

ನಾಯಿಗಳು ಅಟ್ಟಿಸಿಕೊಂಡು ಬಂದಾಗಲೂ ಅಷ್ಟೇ. ಮಗುವನ್ನು ಕೂರಿಸಿಕೊಂಡು ವೇಗ ಹೆಚ್ಚಿಸಿದರೆ ಬೀಳುವುದೇ ಹೆಚ್ಚು. ನಿಂತು, ಇಳಿದು, ನಾಯಿಗೂ ನಮಗೂ ನಡುವೆ ಸೈಕಲ್ ಇಟ್ಟುಕೊಂಡು ನಿಧಾನವಾಗಿ ನಡೆದರೆ ನಮ್ಮ ಬೀದಿಯ ನಾಯಿಗಳು ಆಸಕ್ತಿ ಕಳೆದುಕೊಂಡವು.

ಮಗಳು ತಾನೇ ಸೈಕಲ್ ಕಲಿತದ್ದು 2020ರಲ್ಲಿ, ಎಲ್ಲರೂ ಮನೆಯೊಳಗೇ ಇದ್ದ ವರ್ಷ, ನಮ್ಮ ತಾರಸಿಯ ಮೇಲೆ. ಪಕ್ಕದ ಚಿಕ್ಕ ಚಕ್ರಗಳಿದ್ದ ಹನ್ನೆರಡು ಇಂಚಿನ ಹಳೆಯ ಸೈಕಲ್ ಒಂದನ್ನು ಪರಿಚಿತರು ಕೊಟ್ಟಿದ್ದರು. ನಾನು ಆ ಚಕ್ರಗಳನ್ನೂ ಪೆಡಲ್‌ಗಳನ್ನೂ ಬಿಚ್ಚಿಹಾಕಿದೆ. (ಎಡಗಡೆಯ ಪೆಡಲ್ ಬಿಚ್ಚುವುದು ತಿರುಗುಮುರುಗು: ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಹದಿನೈದು ಮಿಲಿಮೀಟರಿನ ಸ್ಪ್ಯಾನರ್ ಬೇಕು.) ಸೀಟನ್ನು ಕೊನೆಯವರೆಗೆ ತಗ್ಗಿಸಿದೆ. ಪಕ್ಕದ ಚಕ್ರಗಳಿದ್ದರೆ ಮಗು ತುಳಿಯಲು ಕಲಿಯುತ್ತದೆ, ಸಮತೋಲ ಕಲಿಯುವುದಿಲ್ಲ; ತುಳಿಯುವುದು ಸುಲಭದ ಭಾಗ. ಪೆಡಲ್ ಇಲ್ಲದ ಸೈಕಲ್ಲಿನಲ್ಲಿ ಅವಳು ಮೊದಲ ವಾರ ನಡೆದಳು, ಆಮೇಲೆ ಓಡಿದಳು, ಮೂರನೆಯ ವಾರ ಎರಡೂ ಕಾಲು ಎತ್ತಿ ತಾರಸಿಯ ಅರ್ಧದಷ್ಟು ತೇಲಿದಳು. ಬೇಡವೆನಿಸಿದ ಕ್ಷಣ ಕಾಲು ಊರಿ ನಿಲ್ಲುತ್ತಿದ್ದಳು. ಭಯ ಎಂಬುದು ಅವಳಿಗೆ ಬರಲೇ ಇಲ್ಲ.

ನಾಲ್ಕು ತುಂಬಿದ ಮೇಲೆ ಪೆಡಲ್ ಇರುವ ಹದಿನಾರು ಇಂಚಿನದ್ದು ಬಂತು. ತುಳಿಯಲು ಒಂದೇ ಬೆಳಿಗ್ಗೆ ಸಾಕಾಯಿತು, ಬ್ರೇಕ್ ಕಲಿಯಲು ಎರಡು ತಿಂಗಳು ಬೇಕಾಯಿತು. ತಪ್ಪು ಅವಳದ್ದಲ್ಲ. ಬ್ರೇಕಿನ ಹಿಡಿ ಅವಳ ಬೆರಳುಗಳಿಂದ ದೂರವಿತ್ತು. ಆ ಹಿಡಿಯ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇತ್ತು, ಅದನ್ನು ಬಿಗಿಸಿದಾಗ ಹಿಡಿ ಹ್ಯಾಂಡಲ್ಲಿನ ಹತ್ತಿರಕ್ಕೆ ಬಂತು. ಎಲ್ಲ ಸೈಕಲ್ಲುಗಳಲ್ಲಿ ಅದು ಇರುವುದಿಲ್ಲ, ಕೊಳ್ಳುವಾಗಲೇ ಮಗುವಿನ ಕೈಯಿಂದ ಒತ್ತಿಸಿ ನೋಡಬೇಕು. ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿಯೂ ನೋಡಬೇಕು, ಮಗುವಿನ ಅರ್ಧ ತೂಕಕ್ಕಿಂತ ಹೆಚ್ಚು ಭಾರದ ಸೈಕಲ್ಲುಗಳನ್ನು ಅಂಗಡಿಗಳಲ್ಲಿ ಕಂಡಿದ್ದೇನೆ. ನಮ್ಮ ತಾರಸಿಯಲ್ಲಿ ಸುಣ್ಣದ ಗೆರೆ ಎಳೆದು, ಮುಂದಿನ ಚಕ್ರ ಗೆರೆಯ ಮೇಲೆ ನಿಲ್ಲಬೇಕು ಎಂಬ ಆಟ ಆಡಿದೆವು. ಗೆರೆ ದಾಟದೆ ಹತ್ತಕ್ಕೆ ಹತ್ತು ಬಾರಿ ನಿಲ್ಲಿಸಿದ ದಿನ ರಸ್ತೆಗೆ ಇಳಿಸಿದೆ.

ಈಗ ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಟು ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸ ಗಂಗೋತ್ರಿಯ ಮರಗಳ ರಸ್ತೆಗಳಲ್ಲಿ ಒಂದು ಸುತ್ತು ಹಾಕಿ ಎಂಟರೊಳಗೆ ಮನೆಗೆ ಬರುತ್ತೇವೆ. ಪತಿಯ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಮಗ, ಅವರ ಹಿಂದೆ ತನ್ನ ಸೈಕಲ್ಲಿನಲ್ಲಿ ಮಗಳು, ಕೊನೆಗೆ ನಾನು. ಮಗಳು ರಸ್ತೆಯ ಎಡಕ್ಕೆ, ನಾನು ಅವಳಿಗಿಂತ ಒಂದು ಮಾರು ಬಲಕ್ಕೆ, ಹಿಂದಿನಿಂದ ಬರುವ ವಾಹನ ಮೊದಲು ನನ್ನನ್ನು ಕಾಣುವಂತೆ. ದಾರಿಯಲ್ಲಿ ಬೋಗಾದಿ ರಸ್ತೆ ಅಡ್ಡ ಬರುತ್ತದೆ. ಅಲ್ಲಿ ಎಲ್ಲರೂ ಇಳಿಯುತ್ತೇವೆ, ಸೈಕಲ್ಲನ್ನು ತಳ್ಳಿಕೊಂಡು ದಾಟುತ್ತೇವೆ. ರಸ್ತೆ ಖಾಲಿಯಿದ್ದರೂ ಹಾಗೆಯೇ. ದಸರಾ ದಿನಗಳಲ್ಲಿ ಹೋಗುವುದಿಲ್ಲ.

ಮಗನ ತೂಕ ಈಗ ಹದಿನೆಂಟು ಕಿಲೋ. ನಮ್ಮ ಹಿಂದಿನ ಸೀಟು ತಾಳುವುದು ಇಪ್ಪತ್ತೆರಡರವರೆಗೆ, ಆದರೆ ಇಳಿಜಾರಿನಲ್ಲಿ ಅವನು ಅತ್ತಿತ್ತ ವಾಲಿದರೆ ಪತಿಯ ಹ್ಯಾಂಡಲ್ ಅಲುಗುತ್ತದೆ. ಅವನ ಸೀಟಿನ ದಿನಗಳು ಮುಗಿಯುತ್ತ ಬಂದಿವೆ. ಹಿಂದಿನ ಬೀದಿಯ ಒಬ್ಬ ತಾಯಿ ಆ ಸೀಟನ್ನು ಕೇಳಿದ್ದಾರೆ, ಅವರ ಮಗುವಿಗೆ ಏಳು ತಿಂಗಳು. ಬೋಲ್ಟುಗಳನ್ನು ಬದಲಾಯಿಸಿ, ಬಿಸಿಲಿಗೆ ಸವೆದ ಒಂದು ಪಟ್ಟಿಯನ್ನು ಹೊಸದಾಗಿ ಹಾಕಿಸಿ ಕೊಡುವುದಾಗಿ ಹೇಳಿದ್ದೇನೆ. ಮಗುವನ್ನು ಕೂರಿಸಲು ಇನ್ನೂ ತಿಂಗಳುಗಳು ಇರುವುದರಿಂದ, ಅಲ್ಲಿಯವರೆಗೆ ಹತ್ತು ಕಿಲೋ ಅಕ್ಕಿಯನ್ನು ಕಟ್ಟಿಕೊಂಡು ಓಡಾಡಲು ಹೇಳಿದೆ. ನಿನ್ನೆ ಸಂಜೆ ಅವರು ತಮ್ಮ ಸೈಕಲ್ಲಿಗೆ ಎರಡು ಕಾಲಿನ ಸ್ಟ್ಯಾಂಡು ಹಾಕಿಸಿ ತಂದು ತೋರಿಸಿದರು.