ಕೋಟೆಗೋಡೆ ಇಲ್ಲದ ರಾಜಪೀಠ: ಫಿನ್ಲಾಗನ್ ದ್ವೀಪದ ನಕ್ಷೆ ಬರೆದ ಬಗೆ

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದ ಒಳನಾಡಿನಲ್ಲಿ ಫಿನ್ಲಾಗನ್ ಎಂಬ ಸರೋವರವಿದೆ. ಹೆಬ್ರಿಡೀಸ್ ದ್ವೀಪಗಳನ್ನೂ ಎದುರಿನ ಕರಾವಳಿಯ ಬಹುಭಾಗವನ್ನೂ ಆಳಿದ ಮ್ಯಾಕ್‌ಡೊನಾಲ್ಡ್ ಮನೆತನದ ದ್ವೀಪಾಧಿಪತಿಗಳಿಗೆ ಈ ಸರೋವರದೊಳಗಿನ ಎರಡು ಪುಟ್ಟ ದ್ವೀಪಗಳೇ ಅಧಿಕಾರಪೀಠವಾಗಿದ್ದವು. ಅಲ್ಲಿ ಮಣ್ಣಿನ ಮೇಲೆ ಕಾಣುವ ಅವಶೇಷಗಳನ್ನಷ್ಟೇ ಅಳೆದು ನಕ್ಷೆಯೊಂದನ್ನು ಬರೆಯುವುದು ನನ್ನ ಉದ್ದೇಶವಾಗಿತ್ತು. ಇದು ಕಾನೂನಿನ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಅನುಮತಿಯಿಲ್ಲದೆ ಅಗೆಯುವಂತಿಲ್ಲ, ಲೋಹಶೋಧಕ ಬಳಸುವಂತಿಲ್ಲ. ಆದರೆ ನೋಡಿ ಅಳೆಯುವುದಕ್ಕೆ ಗುದ್ದಲಿಯ ಅಗತ್ಯವೂ ಇಲ್ಲ.

ಋತುವಿನ ಆಯ್ಕೆಯೇ ಅರ್ಧ ಕೆಲಸ. ಬೇಸಿಗೆಯಲ್ಲಿ ಹುಲ್ಲೂ ಜರೀಗಿಡವೂ ಬೆಳೆದು ತಗ್ಗಾದ ಗೋಡೆಗಳನ್ನು ನುಂಗಿಬಿಡುತ್ತವೆ. ಚಳಿಗಾಲದ ಕೊನೆಯಲ್ಲಿ, ಜರೀಗಿಡ ಒಣಗಿ ನೆಲಕ್ಕೊರಗಿದಾಗ, ಬೆಳಗಿನ ಓರೆಬಿಸಿಲು ಬಿದ್ದರೆ ಅಂಗೈ ಎತ್ತರದ ದಿಬ್ಬವೂ ತನ್ನ ನೆರಳಿನಿಂದ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಗಾಳಿ ಮತ್ತು ಮಳೆಯ ಕಾಟವನ್ನು ಅದಕ್ಕಾಗಿ ಸಹಿಸಿಕೊಳ್ಳಬೇಕು.

ದೊಡ್ಡ ದ್ವೀಪವಾದ ಐಲನ್ ಮೋರ್‌ಗೆ ದಡದಿಂದ ಮರದ ಕಾಲುದಾರಿಯಿದೆ. ಅಲ್ಲಿ ಉದ್ದಕ್ಕೆ ಒಂದು ಆಧಾರರೇಖೆಯನ್ನು ಹಾಕಿ, ಅದರಿಂದ ಲಂಬವಾಗಿ ಟೇಪು ಹಿಡಿದು ಒಂದೊಂದೇ ಗೋಡೆಯ ಮೂಲೆಗಳನ್ನು ಗುರುತಿಸಿಕೊಂಡೆ. ಗೋಡೆಗಳು ಸೇರುವ ಕಡೆಯಲ್ಲೆಲ್ಲ ನಿಂತು, ಯಾವುದು ಮೊದಲೇ ಇತ್ತು, ಯಾವುದು ಅದಕ್ಕೆ ಬಂದು ಆತುಕೊಂಡಿತು ಎಂಬುದನ್ನು ಪ್ರತ್ಯೇಕವಾಗಿ ಬರೆದಿಟ್ಟೆ, ಏಕೆಂದರೆ ಕಟ್ಟಡಗಳ ಹಿಂದುಮುಂದನ್ನು ಅಗೆಯದೆ ತಿಳಿಯಲು ಇದಕ್ಕಿಂತ ನಂಬಿಕಸ್ಥ ಸಾಕ್ಷ್ಯ ಬೇರೆ ಸಿಗುವುದಿಲ್ಲ. ಒಂದರಲ್ಲಿ ಕಂಡದ್ದರ ಶೇಕಡಾ ಎಪ್ಪತ್ತರಷ್ಟು ಮುಂದಿನದರಲ್ಲೂ ಬರುವಂತೆ ತೆಗೆದ ಫೋಟೋಗಳಿಂದ ಮೂರು ಆಯಾಮದ ಮಾದರಿಯನ್ನೂ ಕಟ್ಟಿದೆ. ಆದರೂ ಕೈಬರಹದ ನಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ. ಯಾವ ಕಲ್ಲು ಗೋಡೆಯದ್ದು, ಯಾವುದು ಉರುಳಿಬಿದ್ದದ್ದು ಎಂದು ಕ್ಯಾಮೆರಾ ತೀರ್ಮಾನಿಸುವುದಿಲ್ಲ.

ಸಭಾದ್ವೀಪವೆಂದು ಕರೆಯುವ ಐಲನ್ ನ ಕೋರ್ಲೆಗೆ ಕಾಲಿಡುವ ದಾರಿ ಇಲ್ಲ. ಎರಡು ದ್ವೀಪಗಳ ನಡುವೆ ಹಿಂದೆ ಇದ್ದ ಕಲ್ಲಿನ ದಾರಿಯ ಅವಶೇಷ ಈಗ ನೀರಿನಡಿಯಲ್ಲಿದೆ. ಹಾಗಾಗಿ ಐಲನ್ ಮೋರ್ ಮೇಲೆ ಪರಸ್ಪರ ದೂರ ಗೊತ್ತಿರುವ ಎರಡು ಬಿಂದುಗಳಲ್ಲಿ ಕೋನ ಅಳೆಯುವ ಉಪಕರಣವಾದ ಥಿಯೋಡೊಲೈಟ್ ನಿಲ್ಲಿಸಿ, ಎದುರು ಕಾಣುವ ಗೋಡೆಯ ತುದಿಗಳಿಗೆ ಎರಡೂ ಕಡೆಯಿಂದ ಕೋನ ಅಳೆದು, ಗೆರೆಗಳು ಕೂಡುವಲ್ಲಿ ಅವುಗಳ ಸ್ಥಾನವನ್ನು ನಿಗದಿಪಡಿಸಿದೆ.

ಕೋಟೆಯೆಂದರೆ ಸುತ್ತಿನ ಮೇಲೆ ಸುತ್ತು ಎಂದು ಚಿತ್ರದುರ್ಗವನ್ನು ನೋಡಿ ಕಲಿತ ನನಗೆ ಈ ನಕ್ಷೆ ಕಾಗದದ ಮೇಲೆ ಮೂಡುತ್ತಿದ್ದಂತೆ ಹೊಳೆದದ್ದು, ಇಲ್ಲಿ ಸುತ್ತುಗೋಡೆಯೇ ಇಲ್ಲ ಎಂಬುದು. ಅದಕ್ಕೆ ಉತ್ತರವನ್ನು 1989ರಿಂದ 1998ರವರೆಗೆ ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪರವಾಗಿ ಡೇವಿಡ್ ಕಾಲ್ಡ್‌ವೆಲ್ ನಡೆಸಿದ ಉತ್ಖನನ ಕೊಡುತ್ತದೆ. ಹನ್ನೆರಡು-ಹದಿಮೂರನೆಯ ಶತಮಾನದಲ್ಲಿ ಇಲ್ಲಿ ನಿಜಕ್ಕೂ ಕೋಟೆಯಿತ್ತು. ಸಭಾದ್ವೀಪದಲ್ಲಿ ಅದಕ್ಕೂ ಹಿಂದಿನ ಕಟ್ಟಡದ ಅವಶೇಷಗಳ ಮೇಲೆ ದಪ್ಪ ಕಲ್ಲಿನ ಗೋಪುರವೂ, ಐಲನ್ ಮೋರ್ ಸುತ್ತ ಮರದ ರಕ್ಷಣಾ ಬೇಲಿಯೂ ಇದ್ದವು. ಹದಿನಾಲ್ಕು-ಹದಿನೈದನೆಯ ಶತಮಾನಗಳಲ್ಲಿ, ಎಂದರೆ 1336ರಲ್ಲಿ ತನ್ನನ್ನು ದ್ವೀಪಾಧಿಪತಿಯೆಂದು ಕರೆದುಕೊಂಡ ಐಲಾದ ಜಾನ್ ಮತ್ತು ಅವನ ವಂಶದವರ ಕಾಲದಲ್ಲಿ, ಆ ರಕ್ಷಣೆಗಳು ಹೋಗಿ, ದೊಡ್ಡ ಭವನ, ಗಾರೆ ಹಾಕಿ ಕಟ್ಟಿದ ಪ್ರಾರ್ಥನಾಮಂದಿರ, ಕಲ್ಲು ಹಾಸಿದ ದಾರಿಗಳು ಮತ್ತು ಹಲವು ಚಿಕ್ಕ ಮನೆಗಳ ಒಂದು ಬಯಲು ಊರು ಅಲ್ಲಿ ನಿಂತಿತು. ಗೋಪುರದ ಅವಶೇಷದ ಮೇಲೆಯೇ ಸಭೆಯ ಕಟ್ಟಡಗಳೆದ್ದವು. ಹದಿನಾಲ್ಕು ಮಂದಿ ಅಲ್ಲಿ ಸೇರಿ ನ್ಯಾಯ ತೀರ್ಮಾನಿಸುತ್ತಿದ್ದರೆಂದು 1549ರ ಸುಮಾರಿಗೆ ಪಾದ್ರಿ ಡೊನಾಲ್ಡ್ ಮನ್ರೋ ಬರೆದಿದ್ದಾನೆ. ಬಲದ ಪ್ರದರ್ಶನಕ್ಕೆ ಗೋಡೆ ಬೇಕಾಗಿರಲಿಲ್ಲ, ಹಡಗುಗಳಿದ್ದವು. ಪ್ರಾರ್ಥನಾಮಂದಿರದ ಬಳಿಯ ಸಮಾಧಿಫಲಕವೊಂದರಲ್ಲಿ ಕವಚಧಾರಿಯ ಕೆಳಗೆ ಹುಟ್ಟುಹಾಯಿಗಳ ನಾವೆಯನ್ನು ಕೆತ್ತಿರುವುದನ್ನು ನಾನು ಇದೇ ದೃಷ್ಟಿಯಿಂದ ಓದುತ್ತೇನೆ.

ಪಟ್ಟಾಭಿಷೇಕದ ಕಲ್ಲನ್ನು ಮಾತ್ರ ನಕ್ಷೆಗೆ ಸೇರಿಸಲಿಲ್ಲ. ಏಳು ಅಡಿ ಚೌಕದ ಕಲ್ಲಿನಲ್ಲಿ ಕೊರೆದ ಪಾದದ ಗುರುತಿನ ಮೇಲೆ ನಿಂತು ಮ್ಯಾಕ್‌ಡೊನಾಲ್ಡ್ ಅಧಿಕಾರ ಸ್ವೀಕರಿಸುತ್ತಿದ್ದನೆಂದು ಸ್ಕಾಟಿಷ್ ಲೇಖಕ ಮಾರ್ಟಿನ್ ಮಾರ್ಟಿನ್ 1703ರಲ್ಲಿ ಪ್ರಕಟಿಸಿದ ವರ್ಣನೆ ಹೇಳುತ್ತದೆ, ಆದರೆ ನೆಲದ ಮೇಲೆ ನಾನು ಅಳೆಯಬಹುದಾದ ಅಂಥ ಕಲ್ಲು ಇಲ್ಲ. 1493ರಲ್ಲಿ ಅಧಿಪತ್ಯವನ್ನು ಸ್ಕಾಟ್ಲೆಂಡಿನ ದೊರೆ ಮುಟ್ಟುಗೋಲು ಹಾಕಿಕೊಂಡ ಮೇಲೆ ರೈತರು ಇಲ್ಲಿ ಮನೆ ಕಟ್ಟಿಕೊಂಡರು. ಆದ್ದರಿಂದ ಕಾಣುವ ಪ್ರತಿ ಗೋಡೆಯನ್ನೂ ಅಧಿಪತಿಗಳ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಕೊನೆಯ ಪ್ರತಿಯನ್ನು ಎರಡು ಬಗೆಯ ಗೆರೆಗಳಲ್ಲಿ ಬಿಡಿಸಿದೆ. ನಾನೇ ಅಳೆದದ್ದಕ್ಕೆ ಗಟ್ಟಿ ಗೆರೆ. ಮರದ ಬೇಲಿ, ಗೋಪುರದ ತಳಪಾಯ ಮುಂತಾಗಿ ಉತ್ಖನನದಿಂದಷ್ಟೇ ತಿಳಿದದ್ದಕ್ಕೆ ತುಂಡು ಗೆರೆ. ಕಾಲ ಹೇಳಲಾಗದ ಗೋಡೆಗಳಿಗೆ ಬಣ್ಣ ತುಂಬದೆ ಹಾಗೆಯೇ ಬಿಟ್ಟಿದ್ದೇನೆ.