ಮೊದಲು ಕೈಲೆಕ್ಕ, ಆಮೇಲೆ ಸಿಮ್ಯುಲೇಟರ್: ಆನ್-ಚಿಪ್ ನೆಟ್‌ವರ್ಕ್ ಸೆಮಿನಾರ್ ನಡೆಸಿದ ನನ್ನ ಅನುಭವ

ಆನ್-ಚಿಪ್ ನೆಟ್‌ವರ್ಕ್ ಅಂದರೆ ಒಂದೇ ಚಿಪ್ ಒಳಗಿನ ಬ್ಲಾಕ್‌ಗಳು ಪರಸ್ಪರ ಡೇಟಾ ಕಳಿಸಿಕೊಳ್ಳುವ ಜಾಲ. ಈ ವಿಷಯದಲ್ಲಿ ಪೇಪರ್‌ಗಳಿಗೇನೂ ಬರವಿಲ್ಲ. ಯಾವುದನ್ನು ಬಿಡಬೇಕು ಅನ್ನೋದೇ ತಲೆನೋವು. ಜೊತೆಗೆ ಪಿಜಿ ಸೆಮಿನಾರ್‌ಗೆ ಬರುವವರು ಎರಡು ಕಡೆಯವರು. ಆರ್ಕಿಟೆಕ್ಚರ್ ಓದಿದವರಿಗೆ ಕ್ಯಾಶ್ ಕೋಹೆರೆನ್ಸ್ (ಎಲ್ಲ ಕೋರ್‌ಗಳ ಕ್ಯಾಶ್‌ನಲ್ಲೂ ಡೇಟಾ ಒಂದೇ ಇರುವಂತೆ ನೋಡಿಕೊಳ್ಳುವುದು) ಗೊತ್ತು, ತಂತಿಯ ಡಿಲೇ ಗೊತ್ತಿಲ್ಲ. ವಿಎಲ್‌ಎಸ್‌ಐ (ಚಿಪ್ ವಿನ್ಯಾಸ) ಕಡೆಯವರಿಗೆ ಇದರ ಉಲ್ಟಾ.

ಹಾಗಾಗಿ ಹೊಸ ಪೇಪರ್‌ಗಳನ್ನು ಕೊನೆಗೆ ಇಟ್ಟೆ. ಶುರುವಿಗೆ 2001ರಲ್ಲಿ ಸಂಶೋಧಕರಾದ ಡ್ಯಾಲಿ ಮತ್ತು ಟೌಲ್ಸ್ ಮುಂದಿಟ್ಟ ವಾದ: ಚಿಪ್ ಮೇಲೆ ಬ್ಲಾಕ್‌ನಿಂದ ಬ್ಲಾಕ್‌ಗೆ ಬೇರೆ ಬೇರೆ ತಂತಿ ಎಳೆಯುವ ಬದಲು ಎಲ್ಲರೂ ಹಂಚಿಕೊಳ್ಳುವ ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್ ಕಳಿಸಿ ಅಂತ. ಅಲ್ಲಿಂದ ಹಿಂದಕ್ಕೆ ಹೋಗಿ ಡೆಡ್‌ಲಾಕ್ (ಪ್ಯಾಕೆಟ್‌ಗಳು ಒಂದಕ್ಕೊಂದು ಕಾಯುತ್ತಾ ಯಾವುದೂ ಮುಂದೆ ಹೋಗದ ಸ್ಥಿತಿ) ಬಗ್ಗೆ ಡ್ಯಾಲಿ ಮತ್ತು ಸೈಟ್ಜ್ 1987ರಲ್ಲಿ ಬರೆದದ್ದು, ವರ್ಚುವಲ್ ಚಾನೆಲ್ (ಒಂದೇ ಲಿಂಕ್ ಅನ್ನು ಹಲವು ಸಾಲುಗಳು ಹಂಚಿಕೊಳ್ಳುವ ವಿಧಾನ) ಬಗ್ಗೆ ಡ್ಯಾಲಿ 1992ರಲ್ಲಿ ಬರೆದದ್ದು. ಇವೆರಡೂ ದೊಡ್ಡ ಪ್ಯಾರಲಲ್ ಕಂಪ್ಯೂಟರ್‌ಗಳ ಕಾಲದವು. ಆದರೆ ಪ್ಯಾಕೆಟ್‌ಗೆ ದಾರಿ ತೋರುವ ಚಿಪ್ ಒಳಗಿನ ರೂಟರ್ ಇವತ್ತಿಗೂ ನಿಂತಿರೋದು ಅವುಗಳ ಮೇಲೇ.

ನಾನು ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ. ಕೈಲೆಕ್ಕ ಬರುವ ತನಕ ಸಿಮ್ಯುಲೇಟರ್ ಮುಟ್ಟುವ ಹಾಗಿಲ್ಲ. 8×8 ಮೆಶ್ ತಗೊಳ್ಳಿ, ಅಂದರೆ ಚೌಕಾಕಾರದ ಜಾಲದಲ್ಲಿ ಅಕ್ಕಪಕ್ಕದವಕ್ಕೆ ಲಿಂಕ್ ಇರುವ 64 ನೋಡ್. ಟ್ರಾಫಿಕ್ ಯೂನಿಫಾರ್ಮ್ ರ‍್ಯಾಂಡಮ್. ಅಂದರೆ ಪ್ರತಿ ನೋಡ್ ಎಲ್ಲ ನೋಡ್‌ಗಳಿಗೂ ಸಮಾನ ಸಾಧ್ಯತೆಯಲ್ಲಿ ಪ್ಯಾಕೆಟ್ ಕಳಿಸುತ್ತದೆ. ಮಧ್ಯಕ್ಕೆ ಗೆರೆ ಎಳೆದರೆ ಒಂದು ಕಡೆ 32 ನೋಡ್, ಅವುಗಳ ಪ್ಯಾಕೆಟ್‌ಗಳಲ್ಲಿ ಅರ್ಧ ಆಚೆ ದಾಟಬೇಕು. ದಾಟೋಕೆ ಇರೋದು ಆ ದಿಕ್ಕಿನ 8 ಲಿಂಕ್ ಮಾತ್ರ, ಒಂದೊಂದೂ ಸೈಕಲ್‌ಗೆ ಒಂದು ಫ್ಲಿಟ್ (ಪ್ಯಾಕೆಟ್‌ನ ತುಂಡು) ಸಾಗಿಸುತ್ತದೆ. ಅಂದರೆ ನೋಡ್ ಒಂದಕ್ಕೆ ಸೈಕಲ್‌ಗೆ 0.5 ಫ್ಲಿಟ್ ದಾಟಿ ಹೋಗೋದು ಯಾವ ರೂಟರ್‌ನಿಂದಲೂ ಆಗಲ್ಲ. ಈಗ ಟ್ರಾಫಿಕ್ ಬದಲಾಯಿಸಿ ಟ್ರಾನ್ಸ್‌ಪೋಸ್ ಮಾಡಿ, (x, y) ಇಂದ (y, x)ಗೆ. ಎಕ್ಸ್‌ವೈ ರೂಟಿಂಗ್‌ನಲ್ಲಿ (ಮೊದಲು x ದಿಕ್ಕು, ಆಮೇಲೆ y ದಿಕ್ಕು) ಮೊದಲ ಸಾಲಿನ ಏಳು ನೋಡ್‌ಗಳ ಪ್ಯಾಕೆಟ್‌ಗಳೂ ಮೂಲೆಯ ಒಂದೇ ಲಿಂಕ್‌ಗೆ ಬಂದು ನುಗ್ಗುತ್ತವೆ. ಮಿತಿ 1/7ಕ್ಕೆ, ಅಂದರೆ ಸುಮಾರು 0.14ಕ್ಕೆ ಕುಸಿಯುತ್ತದೆ. ಮೆಶ್ ಅದೇ, ರೂಟರ್ ಅದೇ! ಇದನ್ನು ಬೋರ್ಡ್ ಮೇಲೆ ಬಾಣ ಹಾಕಿ ತಾವೇ ಎಣಿಸಿದವರು ಆಮೇಲೆ ಯಾವ ಗ್ರಾಫ್ ಕಂಡರೂ ಮೊದಲು ಕೇಳೋದು, "ಟ್ರಾಫಿಕ್ ಯಾವುದು?" ಅಂತ. ನನಗೆ ಬೇಕಾಗಿದ್ದೂ ಅದೇ.

ಡೆಡ್‌ಲಾಕ್ ಪಾಠವನ್ನೂ ಬೋರ್ಡ್ ಮೇಲೇ ಮಾಡಿದೆ. ಮೆಶ್‌ನಲ್ಲಿ ತಿರುವುಗಳು ಎಂಟು, ಬಲಸುತ್ತಿಗೆ ನಾಲ್ಕು, ಎಡಸುತ್ತಿಗೆ ನಾಲ್ಕು. ಎಕ್ಸ್‌ವೈ ಇದರಲ್ಲಿ ನಾಲ್ಕನ್ನು ನಿಷೇಧಿಸುತ್ತದೆ. ಎರಡನ್ನು ನಿಷೇಧಿಸಿದರೂ ಸಾಕು ಅಂತ 1992ರಲ್ಲಿ ಗ್ಲಾಸ್ ಮತ್ತು ನಿ ಎಂಬ ಸಂಶೋಧಕರು ತೋರಿಸಿದರು. ಆದರೆ ಯಾವ ಎರಡು? ಪ್ರತಿ ಸುತ್ತಿನಿಂದ ಒಂದೊಂದು ತೆಗೆಯೋಕೆ 16 ದಾರಿ, ಅದರಲ್ಲಿ 12 ಮಾತ್ರ ಸುರಕ್ಷಿತ. ಉಳಿದ ನಾಲ್ಕು ಯಾಕೆ ಕೆಡುತ್ತವೆ ಅಂತ ಹುಡುಕುವ ಕೆಲಸವನ್ನು ಕ್ಲಾಸಿಗೇ ಬಿಟ್ಟೆ. ಉಳಿದ ತಿರುವುಗಳೇ ಸೇರಿ ಇನ್ನೊಂದು ಸುತ್ತು ಕಟ್ಟಿಬಿಡುತ್ತವೆ ಅಂತ ಹೊಳೆದಾಗ ಗಲಾಟೆ ಜೋರಾಗಿತ್ತು.

ಪೇಪರ್ ಮಂಡನೆಗೆ ಇಬ್ಬರು. ಒಬ್ಬರು ಪೇಪರ್ ಪರ, ಒಬ್ಬರು ವಿರೋಧ. ಬರೀ ಸ್ಲೈಡ್ ಓದಿ ಮುಗಿಸುವ ಸೆಮಿನಾರ್ ನನಗೆ ಆಗಿಬರಲ್ಲ. ಇದಕ್ಕೆ ಹೇಳಿ ಮಾಡಿಸಿದ ಜೋಡಿ ಅಂದರೆ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ವಿಚಾರ. ರೂಟರ್‌ನಲ್ಲಿ ಬಫರ್ ತೆಗೆದೇ ಬಿಡೋಣ, ಜಾಗ, ಪವರ್ ಎರಡೂ ಉಳಿಯುತ್ತೆ ಅಂತ 2009ರಲ್ಲಿ ಮೊಸಿಬ್ರೋಡಾ ಮತ್ತು ಮುಟ್ಲು ವಾದಿಸಿದರು. ಮರುವರ್ಷವೇ ಇನ್ನೊಂದು ತಂಡ, ಬಫರನ್ನು ಜಾಣತನದಿಂದ ಕಟ್ಟಿದರೆ ಆ ಲಾಭ ಅಷ್ಟೇನೂ ಉಳಿಯಲ್ಲ ಅಂತ ತೋರಿಸಿತು. ಎರಡನ್ನೂ ಒಂದೇ ದಿನ ಇಟ್ಟೆ. ಯಾರ ಹೋಲಿಕೆಗೆ ಯಾವ ಬಫರ್ ಬಳಸಿದ್ದಾರೆ ಅಂತ ಸಾಲು ಸಾಲು ಕೆದಕಿದರು. ಸಮಯ ಮೀರಿದರೂ ಯಾರೂ ಎದ್ದು ಹೋಗಲಿಲ್ಲ.

ನಿಜವಾದ ಚಿಪ್‌ಗಳಿಗೆ ಕೊಟ್ಟ ಸಮಯ ಕಡಿಮೆ. ಟೈಲೆರಾದ ಟೈಲ್64, ಇಂಟೆಲ್‌ನ 80 ಕೋರ್‌ಗಳ ಪ್ರಯೋಗದ ಚಿಪ್, ಎರಡೂ 2007ರವು. ಟೈಲ್64ನಲ್ಲಿ ಒಂದೇ ಮೆಶ್ ಅಲ್ಲ, ಐದು ಬೇರೆ ಬೇರೆ ನೆಟ್‌ವರ್ಕ್‌ಗಳಿವೆ. ಯಾಕೆ ಅಂತ ಕೇಳಿದರೆ ಕ್ಲಾಸ್ ತಾನಾಗೇ ನಡೆಯುತ್ತದೆ.

ಪ್ರಾಜೆಕ್ಟ್‌ಗೆ ನೆಟ್‌ವರ್ಕ್ ಮಾತ್ರ ಸಾಕು ಅನ್ನುವವರಿಗೆ ಬುಕ್‌ಸಿಮ್ ಸಿಮ್ಯುಲೇಟರ್, ಇಡೀ ಸಿಸ್ಟಮ್ ಬೇಕು ಅನ್ನುವವರಿಗೆ ಜೆಮ್5 ಸಿಮ್ಯುಲೇಟರ್ ಜೊತೆ ಬರುವ ಗಾರ್ನೆಟ್. ಸುಮ್ನೆ ಗ್ರಾಫ್ ತಂದರೆ ತಗೊಳ್ಳುತ್ತಿರಲಿಲ್ಲ. ಶುರುವಿನ ವಾರ್ಮ್-ಅಪ್ ಸೈಕಲ್‌ಗಳನ್ನು ಲೆಕ್ಕದಿಂದ ಬಿಟ್ಟಿದ್ದೀರಾ? ಪ್ಯಾಕೆಟ್ ಹುಟ್ಟಿದ ಹೊತ್ತಿನಿಂದ ಲೇಟೆನ್ಸಿ (ತಲುಪಲು ಹಿಡಿದ ಸಮಯ) ಎಣಿಸಿದ್ದೀರಾ, ಇಲ್ಲ ನೆಟ್‌ವರ್ಕ್ ಒಳಗೆ ಹೊಕ್ಕ ಮೇಲಿನದ್ದು ಮಾತ್ರವಾ? ಸೋರ್ಸ್ ಕ್ಯೂನಲ್ಲಿ, ಅಂದರೆ ಒಳಗೆ ಹೊಗುವ ಮೊದಲಿನ ಸಾಲಿನಲ್ಲಿ, ಕಾದ ಸಮಯ ಬಿಟ್ಟರೆ ತುಂಬಿ ತುಳುಕುವ ನೆಟ್‌ವರ್ಕ್ ಕೂಡ ಆರಾಮಾಗಿ ಓಡುತ್ತಿರುವ ಹಾಗೆ ಕಾಣುತ್ತೆ, ಅಲ್ವಾ? ಇನ್ನು ಕೈಲೆಕ್ಕದ ಮಿತಿಗಿಂತ ಜಾಸ್ತಿ ಥ್ರೂಪುಟ್ ಕಂಡರೆ ಆ ವರದಿ ಓದದೇ ವಾಪಸ್ ಕೊಡುತ್ತಿದ್ದೆ.