ಕೆಂಪುಕಲ್ಲಿನ ಗೋಡೆಗೆ ನಾನೇ ಬರೆದುಕೊಂಡ ಹ್ಯಾಚ್

ನಮ್ಮ ಕರಾವಳಿಯಲ್ಲಿ ಮನೆ ನಕ್ಷೆ ಬರೆಯುವವರಿಗೆ ಒಂದು ಕಿರಿಕಿರಿ ಇದೆ. ಇಲ್ಲಿ ಗೋಡೆ ಅಂದ್ರೆ ಕೆಂಪುಕಲ್ಲು. ಮುರಕಲ್ಲು ಅನ್ನಿ, ಜಂಬಿಟ್ಟಿಗೆ ಅನ್ನಿ, ಲ್ಯಾಟರೈಟ್ ಅನ್ನಿ, ಎಲ್ಲ ಒಂದೇ. ಆದರೆ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೊಕ್ಯಾಡ್ ಜೊತೆ ಬರುವ ಹ್ಯಾಚ್ ಪಟ್ಟಿಯಲ್ಲಿ ಅದಿಲ್ಲ. ಹ್ಯಾಚ್ ಅಂದ್ರೆ ಗೋಡೆ, ಛಾವಣಿ ಯಾವುದರದ್ದು ಅಂತ ತೋರಿಸಲು ನಕ್ಷೆಯಲ್ಲಿ ತುಂಬುವ ಗೆರೆಗಳ ವಿನ್ಯಾಸ. ಇಟ್ಟಿಗೆ ಇದೆ, ಕಾಂಕ್ರೀಟ್ ಇದೆ, ಮರಳು ಇದೆ. ನಮ್ಮೂರಲ್ಲಿ ಯಾರೂ ಹಾಕದ ಮರದ ಹಲಗೆ ಹೆಂಚಿನ ಛಾವಣಿ ಕೂಡ ಇದೆ.

ಎಷ್ಟೋ ವರ್ಷ ನಾನು ಎಆರ್-ಬಿ816 ಹಾಕಿಕೊಂಡು ಕಾಲ ತಳ್ಳಿದೆ. ಅದು 8 ಇಂಚು ಎತ್ತರ, 16 ಇಂಚು ಉದ್ದದ ಸಿಮೆಂಟ್ ಬ್ಲಾಕ್ ಗೋಡೆಯ ಹ್ಯಾಚ್. ಅಳತೆಯಲ್ಲಿ ಕೆಂಪುಕಲ್ಲಿಗೆ ಹತ್ತಿರವೇ. ಆದರೆ ಒಂದು ಮನೆಯ ಮಾಲೀಕರು ಎಲಿವೇಷನ್ (ಮನೆಯನ್ನು ಎದುರಿನಿಂದ ಕಂಡ ಹಾಗೆ ಬರೆದ ನಕ್ಷೆ) ನೋಡಿ, 'ಇದು ಬ್ಲಾಕ್ ಮನೆ ಅಲ್ವಾ? ನಾನು ಕಲ್ಲಿನ ಮನೆ ಹೇಳಿದ್ದು' ಅಂದರು. ಅವರು ಹೇಳಿದ್ದೂ ಸರಿಯೇ. ಕೆಂಪುಕಲ್ಲಿನ ಮೈಯಲ್ಲಿ ಸಣ್ಣ ಸಣ್ಣ ತೂತು, ಗೀರು ಇರುತ್ತವೆ. ಅದಿಲ್ಲದಿದ್ದರೆ ಕಾಗದದ ಮೇಲೆ ಅದೂ ಬ್ಲಾಕೇ.

ಮೊದಲು ಎಲ್ಲರ ಹಾಗೆ ನಾನೂ ನೆಟ್ಟಿನಲ್ಲಿ ಹುಡುಕಿದೆ. ಒಂದು ಜಿಪ್ ಸಿಕ್ಕಿತು. ಅದರೊಳಗೆ ಒಂದೇ ಪ್ಯಾಟ್ ಫೈಲ್ (ಹ್ಯಾಚ್ ವಿನ್ಯಾಸ ಬರೆದಿಡುವ .pat ಫೈಲ್), ಆ ಫೈಲಿನೊಳಗೆ ನಲವತ್ತೋ ಐವತ್ತೋ ಪ್ಯಾಟರ್ನ್. ಫೋಲ್ಡರಿಗೆ ಹಾಕಿದೆ, ಪಟ್ಟಿಯಲ್ಲಿ ನನಗೆ ಬೇಕಾದದ್ದು ಕಾಣಲೇ ಇಲ್ಲ. ಇಲ್ಲಿ ಒಂದು ನಿಯಮ ನನಗೆ ಗೊತ್ತಿರಲಿಲ್ಲ. ಸ್ವಂತ ಪ್ಯಾಟರ್ನ್ ಆದರೆ ಒಂದು ಫೈಲಿಗೆ ಒಂದೇ. ಫೈಲಿನ ಹೆಸರು ಮತ್ತು ಒಳಗೆ ನಕ್ಷತ್ರ ಚಿಹ್ನೆಯ ಮುಂದೆ ಇರುವ ಹೆಸರು ಎರಡೂ ಒಂದೇ ಇರಬೇಕು. ಬೇಕಾದ ಪ್ಯಾಟರ್ನಿನ ಸಾಲುಗಳನ್ನು ಬೇರೆ ಫೈಲಿಗೆ ಕಾಪಿ ಮಾಡಿ ಅದೇ ಹೆಸರಿಟ್ಟಾಗ ಬಂತು. ಬಂದ ಮೇಲೆ ನೋಡಿದರೆ ಯಾವುದೋ ದೇಶದ ಕಾಡುಕಲ್ಲಿನ ಗೋಡೆ! ಸುಮ್ನೆ ಒಂದು ಸಂಜೆ ಹಾಳು.

ಆದರೆ ಆ ಕಾಪಿ ಮಾಡುವ ಗಡಿಬಿಡಿಯಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ಯಾಟ್ ಫೈಲ್ ಅಂದ್ರೆ ಬರೀ ಅಕ್ಷರ, ಅಂಕಿ. ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ಹಾಗಾದರೆ ಎಆರ್-ಬಿ816 ಒಳಗೆ ಏನಿದೆ ನೋಡೋಣ ಅಂತ ಆಟೊಕ್ಯಾಡಿನ ಸಪೋರ್ಟ್ ಫೋಲ್ಡರಿನಲ್ಲಿದ್ದ ಮೆಟ್ರಿಕ್ ಫೈಲ್ ತೆರೆದೆ. ಹೆಸರಿನ ಕೆಳಗೆ ಎರಡೇ ಸಾಲು:

0, 0,0, 0,203.2
90, 0,0, 203.2,203.2, 203.2,-203.2

ಇಷ್ಟೇನಾ ಅನಿಸಿತು. ಒಂದು ಇಡೀ ಗೋಡೆ ಎರಡು ಸಾಲಿನಲ್ಲಿ.

ಮೊದಲ ಅಂಕಿ ಗೆರೆಯ ಕೋನ. ಆಮೇಲಿನ ಎರಡು, ಗೆರೆ ಎಲ್ಲಿಂದ ಶುರು ಅನ್ನುವುದು. ಅದರ ನಂತರದ ಎರಡು ಮುಂದಿನ ಗೆರೆಗೆ ಎಷ್ಟು ಸರಿಯಬೇಕು ಅನ್ನುವುದು: ಮೊದಲನೆಯದು ಗೆರೆಯ ಉದ್ದಕ್ಕೆ, ಎರಡನೆಯದು ಗೆರೆಯ ಅಡ್ಡಕ್ಕೆ. ಉಳಿದದ್ದು ಪೆನ್ನಿನ ಲೆಕ್ಕ. ಪ್ಲಸ್ ಇದ್ದರೆ ಅಷ್ಟು ದೂರ ಬರೆ, ಮೈನಸ್ ಇದ್ದರೆ ಅಷ್ಟು ದೂರ ಪೆನ್ ಎತ್ತು, ಸೊನ್ನೆ ಇದ್ದರೆ ಒಂದು ಚುಕ್ಕೆ.

ನಮ್ಮ ಕಲ್ಲು ಎಲ್ಲ ಕಡೆ ಒಂದೇ ಅಳತೆಯಲ್ಲಿ ಬರುವುದಿಲ್ಲ. ಗಾರೆ ಸೇರಿಸಿ 400 ಉದ್ದ, 200 ಎತ್ತರ ಅಂತ ಹಿಡಿದೆ, ಎಲ್ಲ ಮಿಲಿಮೀಟರಿನಲ್ಲಿ. ಎರಡನೇ ಸಾಲಿನ ಸರಿಯುವ ಲೆಕ್ಕದಲ್ಲಿ 203.2 ಎರಡು ಸಲ ಯಾಕೆ ಬಂದಿದೆ ಅಂತ ಆಗ ಪೂರ್ತಿ ತಲೆಗೆ ಹೋಗಿರಲಿಲ್ಲ. ಒಂದು ಜಾಸ್ತಿ ಇರಬೇಕು ಅಂದುಕೊಂಡು ಸೊನ್ನೆ ಮಾಡಿದೆ: 90, 0,0, 0,200, 200,-200. ಹ್ಯಾಚ್ ಹಾಕಿದರೆ ಒಂದು ವರಸೆಯಲ್ಲಿ (ಕಲ್ಲಿನ ಒಂದು ಅಡ್ಡ ಸಾಲಿನಲ್ಲಿ) 200ಕ್ಕೊಂದು ಸಂದು, ಅದರ ಮೇಲಿನ ವರಸೆಯಲ್ಲಿ ಒಂದೂ ಸಂದಿಲ್ಲ. ರೈಲು ಹಳಿಯ ಹಾಗೆ ಕಾಣುತ್ತಿತ್ತು. ಆಗ ಅರ್ಥವಾಯಿತು. ನಿಂತ ಗೆರೆಗೆ 'ಉದ್ದಕ್ಕೆ' ಅಂದರೆ ಮೇಲಕ್ಕೆ. ಪಕ್ಕದ ಗೆರೆ 200 ಅಡ್ಡ ಸರಿಯುವಾಗ 200 ಮೇಲಕ್ಕೂ ಏರಬೇಕು. ಆಗಲೇ ಸಂದಿನ ಮೇಲೆ ಸಂದು ಬರದೆ ಕಲ್ಲಿನ ನಡುವೆ ಬರುವುದು. ಮೇಸ್ತ್ರಿ ಕೈಯಲ್ಲಿ ಮಾಡುವುದೂ ಅದನ್ನೇ.

ಇನ್ನು ಕಲ್ಲಿನ ತೂತುಗಳು. ಸೊನ್ನೆ ಹಾಕಿ ಚುಕ್ಕೆ ಇಟ್ಟೆ, ಪ್ರಿಂಟಿನಲ್ಲಿ ಧೂಳು ಬಿದ್ದ ಹಾಗಿತ್ತು. ಅದಕ್ಕೆ ಸಣ್ಣ ಗೀರು ಹಾಕಿದೆ. ಅಡ್ಡ ಎರಡು, ಓರೆ ಒಂದು. ಕೊನೆಗೆ ಉಳಿದ ಫೈಲ್ ಹೀಗಿದೆ:

*ಕೆಂಪುಕಲ್ಲು, 400 ಬೈ 200 ಗೋಡೆ
0, 0,0, 0,200
90, 0,0, 200,200, 200,-200
0, 130,70, 200,200, 15,-385
0, 290,140, 200,200, 20,-380
45, 210,90, 0,282.843, 20,-262.843

ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ, ನಡುವೆ ಜಾಗ ಬಿಡದೆ ಬರೆಯಿರಿ. ಕೊನೆಯ ಸಾಲಿನ 282.843 ಎಲ್ಲಿಂದ ಬಂತು ಅಂದ್ರೆ, 200ರ ಚೌಕದ ಕರ್ಣ ಅಷ್ಟೇ. ಹೈಸ್ಕೂಲಿನ ಪೈಥಾಗೊರಸ್ ನನಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. 20 ಮತ್ತು 262.843 ಕೂಡಿದರೆ ಅಷ್ಟೇ ಬರಬೇಕು. ಇಲ್ಲದಿದ್ದರೆ ಗೀರು ಒಂದೊಂದು ಕಲ್ಲಿನಲ್ಲಿ ಒಂದೊಂದು ಕಡೆ ಬೀಳುತ್ತದೆ.

ಇನ್ನು ಹಾಕಿಕೊಳ್ಳುವ ಕೆಲಸ. ನಿಜವಾಗಿ ಅದು ಎರಡು ನಿಮಿಷದ್ದು, ನನಗೆ ಅರ್ಧ ದಿನ ಹಿಡಿಯಿತು. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವಾಗ ಫೈಲ್ ಟೈಪ್ 'ಆಲ್ ಫೈಲ್ಸ್' ಅಂತ ಬದಲಾಯಿಸದಿದ್ದರೆ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಕೊಳ್ಳುತ್ತದೆ. ವಿಂಡೋಸ್ ಅದನ್ನು ಅಡಗಿಸಿ ಇಡುವುದರಿಂದ ನಮ್ಮ ಕಣ್ಣಿಗೆ ಎಲ್ಲ ಸರಿ ಇದೆ ಅಂತಲೇ ಕಾಣುತ್ತದೆ. ಇನ್ನೊಂದು, ಕೊನೆಯ ಸಾಲು ಬರೆದ ಮೇಲೆ ಒಂದು ಎಂಟರ್ ಒತ್ತಲೇಬೇಕು. ಒತ್ತದಿದ್ದರೆ ಆ ಸಾಲನ್ನು ಅದು ಸರಿಯಾಗಿ ಓದುವುದಿಲ್ಲ. ಈ ಎರಡಕ್ಕೇ ನನ್ನ ಅರ್ಧ ದಿನ ಹೋಗಿದ್ದು.

ಫೈಲನ್ನು ಆಟೊಕ್ಯಾಡಿನ ಸಪೋರ್ಟ್ ಫೋಲ್ಡರಿಗೇ ಹಾಕಬಹುದು. ಅದು ಆಪ್‌ಡೇಟಾ ಒಳಗೆ, ವಿಂಡೋಸ್ ಬಚ್ಚಿಟ್ಟ ಜಾಗದಲ್ಲಿ ಇರುತ್ತದೆ. ನಾನು ಮೊದಲು ಅಲ್ಲೇ ಹಾಕಿದ್ದೆ. ಆ ಫೋಲ್ಡರ್ ವರ್ಷನ್ನಿಗೊಂದು ಬೇರೆ. ಹೊಸ ವರ್ಷನ್ ಹಾಕಿಸಿದ ದಿನ ನನ್ನ ಪ್ಯಾಟರ್ನ್ ಎಲ್ಲ ಮಾಯ. ಈಗ ಡಿ ಡ್ರೈವಿನಲ್ಲಿ ಹ್ಯಾಚ್ ಅಂತ ಒಂದು ಫೋಲ್ಡರ್ ಇಟ್ಟಿದ್ದೇನೆ. ಆಪ್ಷನ್ಸ್ ತೆರೆದು, ಫೈಲ್ಸ್ ಟ್ಯಾಬಿನಲ್ಲಿ ಸಪೋರ್ಟ್ ಫೈಲ್ ಸರ್ಚ್ ಪಾತ್ ಬಿಡಿಸಿ, ಆ್ಯಡ್ ಒತ್ತಿ ಆ ಫೋಲ್ಡರ್ ತೋರಿಸಿದರೆ ಮುಗಿಯಿತು. ಒಮ್ಮೆ ಮುಚ್ಚಿ ತೆರೆದರೆ ಹ್ಯಾಚ್ ಪಟ್ಟಿಯ ಕೊನೆಯಲ್ಲಿ ಕೂತಿರುತ್ತದೆ. ಪೆನ್‌ಡ್ರೈವಿನ ಫೋಲ್ಡರ್ ಮಾತ್ರ ತೋರಿಸಬೇಡಿ, ಕಿತ್ತ ಕೂಡಲೇ ದಾರಿಯೂ ಹೋಗುತ್ತದೆ.

ಸ್ಕೇಲ್ ವಿಷಯದಲ್ಲಿ ನೆನಪಿಡುವುದು ಒಂದೇ. ಈ ಫೈಲಿಗೆ ಮಿಲಿಮೀಟರ್, ಇಂಚು ಯಾವುದೂ ಗೊತ್ತಿಲ್ಲ. 200 ಅಂದರೆ 200 ಯೂನಿಟ್, ಅಷ್ಟೇ. ನಕ್ಷೆ ಮಿಲಿಮೀಟರಿನಲ್ಲಿ ಇದ್ದರೆ ಸ್ಕೇಲ್ 1. ಇಂಚಿನಲ್ಲಿ ಇದ್ದರೆ 0.03937. ಮೀಟರಿನಲ್ಲಿ ಇದ್ದರೆ 0.001. ಇಂಚಿನ ನಕ್ಷೆಯಲ್ಲಿ 1 ಇಟ್ಟು ಹ್ಯಾಚ್ ಹಾಕಿ, ಗೋಡೆಯಲ್ಲಿ ಏನೂ ಕಾಣದೆ ಫೈಲೇ ಕೆಟ್ಟಿದೆ ಅಂದುಕೊಂಡವನು ನಾನು. ಹಾಕಿದ್ದು ಬಿದ್ದಿತ್ತು, ಒಂದೊಂದು ಕಲ್ಲು 33 ಅಡಿ ಉದ್ದ ಇತ್ತು!

ಇನ್ನೊಂದು ಸಲ ಬೇರೆಯೇ ತಮಾಷೆ ಆಯಿತು. ಸರ್ವೆ ನಕ್ಷೆಯ ಪಕ್ಕದಲ್ಲೇ ಎಲಿವೇಷನ್ ಬರೆದಿದ್ದೆ. ಅಲ್ಲಿಗೆ 0,0 ಬಿಂದು ನೂರಾರು ಕಿಲೋಮೀಟರ್ ದೂರ. ಓರೆ ಗೀರೆಲ್ಲ ಜಾರಿ ಗಾರೆ ಸಂದಿನ ಮೇಲೆ ಕೂತಿತ್ತು. ಹ್ಯಾಚ್ ತನ್ನ ಲೆಕ್ಕ ಶುರು ಮಾಡುವುದು 0,0 ಇಂದ. 282.843 ಅನ್ನುವುದು ಪೂರ್ತಿ ನಿಖರ ಅಲ್ಲ, ಹೆಜ್ಜೆಗೆ 0.0003ರಷ್ಟು ತಪ್ಪು. ಒಂದು ಮನೆಯ ಗೋಡೆಗೆ ಅದು ಲೆಕ್ಕಕ್ಕೇ ಇಲ್ಲ. 100 ಕಿಲೋಮೀಟರಿಗೆ ಹೋದರೆ ಸುಮಾರು 100 ಮಿಲಿಮೀಟರ್, ಅಂದರೆ ಅರ್ಧ ವರಸೆ. ಈಗ ಫೈಲಿನಲ್ಲಿ 282.8427125 ಅಂತ ಬರೆದಿದ್ದೇನೆ, ಮೈನಸ್ ಅಂಕಿಯನ್ನೂ ಅದಕ್ಕೆ ಸರಿಯಾಗಿ 262.8427125 ಮಾಡಿದ್ದೇನೆ. ಅದಕ್ಕಿಂತ ಮುಖ್ಯ, ಹ್ಯಾಚ್ ಒರಿಜಿನ್, ಅಂದರೆ ಆ ಶುರುವಿನ ಬಿಂದುವನ್ನು, ಪ್ಲಿಂತ್ (ಗೋಡೆ ಕೂರುವ ಅಡಿಪಾಯದ ಕಟ್ಟೆ) ಮೂಲೆಗೆ ಕ್ಲಿಕ್ ಮಾಡಿ ಇಡುತ್ತೇನೆ. ಆಗ ಮೊದಲ ವರಸೆ ಪ್ಲಿಂತ್ ಮೇಲಿಂದಲೇ ಶುರುವಾಗುತ್ತದೆ, ಅರ್ಧ ಕಲ್ಲು ನೆಲದಲ್ಲಿ ಹೂತ ಹಾಗೆ ಕಾಣುವುದಿಲ್ಲ.

ಪ್ಲಾಟ್ ಮಾಡುವಾಗ, ಅಂದರೆ ಪ್ರಿಂಟ್ ತೆಗೆಯುವಾಗ, ಇದಕ್ಕೆ ಬೇರೆ ಲೇಯರ್, ತೆಳು ಗೆರೆ. 1:50ರಲ್ಲಿ 15 ಮಿಮೀ ಗೀರು ಕಾಗದದ ಮೇಲೆ 0.3 ಮಿಮೀ, ಚೆನ್ನಾಗಿ ಕಾಣುತ್ತದೆ. 1:100ರಲ್ಲಿ 0.15, ಅದು ಪ್ರಿಂಟರಿನ ಮಸಿ ಚೆಲ್ಲಿದ ಹಾಗೆ. ಅದಕ್ಕೆ ಕೊನೆಯ ಮೂರು ಸಾಲು ಬಿಟ್ಟು ಇನ್ನೊಂದು ಫೈಲ್ ಬೇರೆ ಹೆಸರಿನಲ್ಲಿ ಇಟ್ಟಿದ್ದೇನೆ.

ನಕ್ಷೆಯನ್ನು ಬೇರೆಯವರಿಗೆ ಕಳಿಸಿದರೆ ಹ್ಯಾಚ್ ಹಾಗೇ ಕಾಣುತ್ತದೆ, ಅದು ಡ್ರಾಯಿಂಗ್ ಒಳಗೇ ಉಳಿದಿರುತ್ತದೆ. ಆದರೆ ಅವರು ಅದನ್ನು ತಿದ್ದಲು ಹೋದರೆ ತೊಂದರೆ. ಅದಕ್ಕೆ ಪ್ಯಾಟ್ ಫೈಲನ್ನೂ ಜೊತೆಗೆ ಕಳಿಸುತ್ತೇನೆ.

ಅಂದ ಹಾಗೆ, ಲ್ಯಾಟರೈಟ್ ಅನ್ನುವ ಹೆಸರು ಬಂದಿದ್ದು ಲ್ಯಾಟಿನ್ನಿನ ಇಟ್ಟಿಗೆ ಅನ್ನುವ ಪದದಿಂದ. ಫ್ರಾನ್ಸಿಸ್ ಬುಕನನ್ ಮಲಬಾರಿನಲ್ಲಿ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ಕಟ್ಟುವುದನ್ನು ನೋಡಿ ಕೊಟ್ಟ ಹೆಸರು. ಹಾಗೆ ನೋಡಿದರೆ ಇಟ್ಟಿಗೆ ಹ್ಯಾಚ್ ಹಾಕಿದವರದ್ದೂ ಪೂರ್ತಿ ತಪ್ಪಲ್ಲ.

ಹೊಸ ಹ್ಯಾಚ್ ಹಾಕಿದ ಮೊದಲ ಮನೆಯ ಎಲಿವೇಷನ್ ಹಿಡಿದು ಸೈಟಿಗೆ ಹೋದೆ. ಮೇಸ್ತ್ರಿ ಹಾಳೆಯನ್ನು ಸಿಮೆಂಟ್ ಚೀಲದ ಮೇಲೆ ಹರಡಿ, ಪೆನ್ಸಿಲ್ ತುದಿಯಿಂದ ಪ್ಲಿಂತಿನಿಂದ ಮೇಲಕ್ಕೆ ವರಸೆ ಎಣಿಸಿದರು. ಒಂದು, ಎರಡು, ಹತ್ತು. ಆಮೇಲೆ ನಿಲ್ಲಿಸಿದರು. ಲಿಂಟಲ್ (ಬಾಗಿಲ ಮೇಲಿನ ಅಡ್ಡ ತೊಲೆ) 2100ರಲ್ಲಿತ್ತು, ಹನ್ನೊಂದನೇ ಕಲ್ಲಿನ ನಡುವಿಗೆ ಬಂದಿತ್ತು. 'ಈ ವರಸೆ ಪೂರ್ತಿ ಕಲ್ಲನ್ನು ಅಡ್ಡ ಸೀಳಬೇಕಾ?' ಅಂದರು. ಇಷ್ಟು ವರ್ಷ ಬ್ಲಾಕ್ ಹ್ಯಾಚ್ ಹಾಕಿ ಕೊಟ್ಟಾಗ ಯಾರೂ ಎಣಿಸಿರಲಿಲ್ಲ. ಬಾಗಿಲ ಚೌಕಟ್ಟು ಇನ್ನೂ ಬಡಗಿಯ ಹತ್ತಿರ ಹೋಗಿರಲಿಲ್ಲ, ಬಚಾವ್. ಲಿಂಟಲನ್ನು 2200ಕ್ಕೆ ಏರಿಸಿ ಸಂಜೆಯೇ ಹೊಸ ಹಾಳೆ ಕೊಟ್ಟೆ.